ಅಮೆರಿಕದಲ್ಲಿ ಕ್ಷೌರಿಕರ ಪರವಾನಗಿ

ಅಮೆರಿಕ ಸಂಯುಕ್ತ ಸಂಸ್ಥಾನದಲ್ಲಿ ಹಣ ಪಡೆದು ಇನ್ನೊಬ್ಬರ ಕೂದಲು ಕತ್ತರಿಸಲು, ಗಡ್ಡ ಹೆರೆಯಲು ರಾಜ್ಯ ಸರ್ಕಾರದ ಪರವಾನಗಿ ಬೇಕು. ಕೆಲಸಗಾರನಿಗೆ ಒಂದು, ಅಂಗಡಿಗೆ ಮತ್ತೊಂದು. ವೃತ್ತಿ ಕಲಿಸುವ ಶಾಲೆಗೆ ಬೇರೆಯದೇ ಅನುಮತಿ. ವಾಷಿಂಗ್ಟನ್ನಿನ ಒಕ್ಕೂಟ ಸರ್ಕಾರ ಈ ವಿಷಯಕ್ಕೆ ಕೈ ಹಾಕುವುದಿಲ್ಲ. ಜನರ ಆರೋಗ್ಯ, ಸುರಕ್ಷತೆ ಕಾಯುವ ಹೊಣೆ ರಾಜ್ಯಗಳದ್ದಾದ್ದರಿಂದ ಒಂದೊಂದು ರಾಜ್ಯವೂ ತನ್ನದೇ ಕಾನೂನು, ತನ್ನದೇ ಮಂಡಳಿ, ತನ್ನದೇ ಪರೀಕ್ಷೆ ಇಟ್ಟುಕೊಂಡಿದೆ. ಹಲವು ರಾಜ್ಯಗಳಲ್ಲಿ ಪರವಾನಗಿ ಇಲ್ಲದೆ ಈ ಕೆಲಸ ಮಾಡಿದರೆ ದಂಡ ಬೀಳುವುದಷ್ಟೇ ಅಲ್ಲ, ಪೊಲೀಸರು ಬಂಧಿಸಲೂಬಹುದು.

ಹಾದಿ ಎಲ್ಲ ಕಡೆ ಹೆಚ್ಚುಕಡಿಮೆ ಒಂದೇ. ಮಾನ್ಯತೆ ಪಡೆದ ಶಾಲೆಯಲ್ಲಿ ಇಷ್ಟು ತಾಸು ಎಂದು ಕಲಿಯಬೇಕು, ಇಲ್ಲವೇ ಕೆಲವು ರಾಜ್ಯಗಳಲ್ಲಿ ಅನುಭವಿಯ ಕೈಕೆಳಗೆ ಪಳಗಬೇಕು. ಆಮೇಲೆ ಲಿಖಿತ ಪರೀಕ್ಷೆ, ಬಹುಪಾಲು ಕಡೆ ಪ್ರಾಯೋಗಿಕ ಪರೀಕ್ಷೆ. ಪಾಸಾದ ಮೇಲೆ ಶುಲ್ಕ ಕಟ್ಟಿ, ಕಾಲಕಾಲಕ್ಕೆ ನವೀಕರಿಸಿಕೊಳ್ಳುತ್ತ ಹೋಗಬೇಕು. ತಾಸುಗಳ ಲೆಕ್ಕ ಮಾತ್ರ ಗಡಿ ದಾಟಿದರೆ ಬದಲಾಗುತ್ತದೆ. ಮ್ಯಾಸಚೂಸೆಟ್ಸ್‌ನಲ್ಲಿ 1000, ಪೆನ್ಸಿಲ್ವೇನಿಯಾದಲ್ಲಿ 1250. ಅಯೋವಾದಲ್ಲಿ ಇತ್ತೀಚಿನ ವರ್ಷಗಳವರೆಗೂ 2100 ಇತ್ತು. ನ್ಯೂಯಾರ್ಕಿನಲ್ಲಿ ಎರಡು ವರ್ಷ ಶಿಷ್ಯವೃತ್ತಿ ಮಾಡಿದರೂ ಪರವಾನಗಿಯ ಬಾಗಿಲು ತೆರೆಯುತ್ತದೆ.

ಕಲಿಕೆ ಕೈಗೆ ಸಂಬಂಧಿಸಿದ್ದಾದಾಗ ಅದರಲ್ಲಿ ಅಪಾರ ಶ್ರದ್ಧೆ ಕಾಣುತ್ತದೆ. ಮುಖವನ್ನು ಹದಿನಾಲ್ಕು ಭಾಗಗಳಾಗಿ ವಿಂಗಡಿಸಿ, ಯಾವ ಭಾಗಕ್ಕೆ ಕತ್ತಿಯನ್ನು ಹೇಗೆ ಹಿಡಿಯಬೇಕು, ಅಂಗೈ ಯಾವ ಕಡೆ ತಿರುಗಿರಬೇಕು, ತನ್ನತ್ತ ಎಳೆಯಬೇಕೋ ಆಚೆಗೆ ನೂಕಬೇಕೋ ಎಂದು ಒಂದೊಂದಾಗಿ ಅಭ್ಯಾಸ ಮಾಡಿಸುತ್ತಾರೆ. ಇನ್ನೊಂದು ಕೈಯ ಬೆರಳು ಚರ್ಮವನ್ನು ಬಿಗಿಯಾಗಿ ಹಿಡಿದಿರಬೇಕು. ಸಡಿಲ ಚರ್ಮದ ಮೇಲೆ ಕತ್ತಿ ಹಾಯಿಸಿದರೆ ಗಾಯ ಖಚಿತ. ಬಲಗೆನ್ನೆಯ ಮೇಲ್ಭಾಗದಿಂದ ಶುರುವಾಗಿ ಗಲ್ಲ, ಕತ್ತು ಎಂದು ಮುಂದುವರಿಯುವ ಈ ಕ್ರಮ ಶಾಲೆಯಲ್ಲಿ ಕಲಿತವರ ಕೈಯಲ್ಲಿ ಕೊನೆಯವರೆಗೂ ಉಳಿದಿರುತ್ತದೆ.

ಅಂಗಡಿಯ ನಿಯಮಗಳೂ ಅಷ್ಟೇ ಸೂಕ್ಷ್ಮ. ಪರವಾನಗಿ ಗಿರಾಕಿಗೆ ಕಾಣುವಂತೆ ಕುರ್ಚಿಯ ಬಳಿಯೇ ಇರಬೇಕು. ಮೈಗೆ ಹೊದಿಸುವ ಬಟ್ಟೆ ನೇರವಾಗಿ ಕುತ್ತಿಗೆಗೆ ತಾಗಬಾರದು. ನಡುವೆ ಕಾಗದದ ಪಟ್ಟಿಯೋ ಒಗೆದ ಟವೆಲೋ ಇರಬೇಕು. ತಲೆ ಆನಿಸುವ ದಿಂಬಿಗೆ ಪ್ರತಿ ಗಿರಾಕಿಗೂ ಹೊಸ ಹೊದಿಕೆ. ಕನ್ನಡನಾಡಿನ ಸಲೂನುಗಳಲ್ಲಿ ಗಡ್ಡ ಹೆರೆದ ಮೇಲೆ ಒದ್ದೆ ಕೆನ್ನೆಗೆ ಪಟಿಕದ ಗಟ್ಟಿಯನ್ನು ಉಜ್ಜುವ ರೂಢಿ ಎಲ್ಲರಿಗೂ ಗೊತ್ತು. ಅಮೆರಿಕದ ಹಲವು ರಾಜ್ಯಗಳಲ್ಲಿ ಅದಕ್ಕೆ ಅವಕಾಶವಿಲ್ಲ. ರಕ್ತ ನಿಲ್ಲಿಸುವ ವಸ್ತು ಪುಡಿಯ ಇಲ್ಲವೇ ದ್ರವದ ರೂಪದಲ್ಲೇ ಇರಬೇಕು, ಏಕೆಂದರೆ ಒಬ್ಬನ ಗಾಯಕ್ಕೆ ತಾಗಿದ ಗಟ್ಟಿ ಇನ್ನೊಬ್ಬನ ಗಾಯಕ್ಕೆ ತಾಗಕೂಡದು. ಇದು ಒಳ್ಳೆಯ ನಿಯಮ. ಖರ್ಚಿಲ್ಲ, ಕಾರಣ ಸ್ಪಷ್ಟ.

ಕನ್ನಡಿಯ ಮುಂದೆ ನೀಲಿ ದ್ರವ ತುಂಬಿದ ಗಾಜಿನ ಜಾಡಿ, ಅದರೊಳಗೆ ಮುಳುಗಿರುವ ಬಾಚಣಿಗೆ, ಕತ್ತರಿ: ಅಮೆರಿಕದ ಕ್ಷೌರದಂಗಡಿಯ ಗುರುತು ಎಂದರೆ ಇದೇ. ಬಾರ್ಬಿಸೈಡ್ ಎಂಬ ಆ ಸೋಂಕುನಿವಾರಕವನ್ನು 1947ರಲ್ಲಿ ಬ್ರೂಕ್ಲಿನ್ನಿನಲ್ಲಿ ಮಾರಿಸ್ ಕಿಂಗ್ ತಯಾರಿಸಿದರು. 32 ಔನ್ಸ್ ನೀರಿಗೆ 2 ಔನ್ಸ್ ಬೆರೆಸಿ, ಕೂದಲು ತೆಗೆದು ತೊಳೆದ ಸಲಕರಣೆಯನ್ನು ಹತ್ತು ನಿಮಿಷ ಪೂರ್ತಿ ಮುಳುಗಿಸಿಡಬೇಕು. ಕ್ಯಾಲಿಫೋರ್ನಿಯಾದ ನಿಯಮದಂತೆ ದ್ರವವನ್ನು ವಾರಕ್ಕೊಮ್ಮೆಯಾದರೂ ಬದಲಿಸಬೇಕು. ಕದಡಿದಂತೆ ಕಂಡರೆ ಅದಕ್ಕೂ ಮೊದಲೇ. ತಪಾಸಣೆಗೆ ಬಂದವರ ಕಣ್ಣು ಮೊದಲು ಹೋಗುವ ಜಾಗಗಳಲ್ಲಿ ಇದೂ ಒಂದು.

ವೃತ್ತಿಯ ಮೇಲೆ ಸರ್ಕಾರದ ಕಣ್ಣು ಬಿದ್ದದ್ದು ಅಮೆರಿಕದಲ್ಲೇ ಮೊದಲಲ್ಲ. ಯುರೋಪಿನಲ್ಲಿ ಕ್ಷೌರಿಕರೇ ಹಲ್ಲು ಕೀಳುತ್ತಿದ್ದರು, ರಕ್ತ ತೆಗೆಯುತ್ತಿದ್ದರು, ಗಾಯ ಕಟ್ಟುತ್ತಿದ್ದರು. ಇಂಗ್ಲೆಂಡಿನಲ್ಲಿ 1540ರಲ್ಲಿ ಎಂಟನೆಯ ಹೆನ್ರಿಯ ಕಾಲದ ಕಾಯಿದೆ ಲಂಡನ್ನಿನ ಕ್ಷೌರಿಕರನ್ನೂ ಶಸ್ತ್ರವೈದ್ಯರನ್ನೂ ಒಂದೇ ಸಂಘದಡಿ ತಂದಿತು; 1745ರಲ್ಲಿ ಶಸ್ತ್ರವೈದ್ಯರು ಬೇರೆಯಾದರು. ಅಲ್ಲಿಗೆ ಕ್ಷೌರಿಕನ ಕೈಯಲ್ಲಿ ಉಳಿದದ್ದು ಕೂದಲು ಮತ್ತು ಗಡ್ಡ.

ಅಮೆರಿಕದ ಮೊದಲ ಪರವಾನಗಿ ಕಾನೂನು ಬಂದದ್ದು 1897ರಲ್ಲಿ, ಮಿನ್ನೆಸೋಟಾದಲ್ಲಿ. ರೋಗಾಣುಗಳ ಬಗ್ಗೆ ತಿಳಿವಳಿಕೆ ಆಗಷ್ಟೇ ಜನರವರೆಗೆ ಇಳಿದಿತ್ತು. ಒಂದೇ ಕತ್ತಿ, ಒಂದೇ ಬ್ರಷ್ಷು, ಒಂದೇ ಟವೆಲು ಹತ್ತಾರು ಮುಖಗಳ ಮೇಲೆ ಓಡಾಡುತ್ತಿದ್ದ ಕಾಲ ಅದು. ಗಡ್ಡದ ಬೇರಿಗೆ ತಗಲುವ ಕಜ್ಜಿಗೆ ಅಲ್ಲಿನ ಜನ ಕ್ಷೌರದಂಗಡಿಯ ಹೆಸರನ್ನೇ ಇಟ್ಟಿದ್ದರು. ಹೀಗಾಗಿ ಶುಚಿತ್ವದ ಬೇಡಿಕೆ ನಿಜವಾದದ್ದು. ಆದರೆ ಕಾನೂನಿಗಾಗಿ ಓಡಾಡಿದವರಲ್ಲಿ ಗಿರಾಕಿಗಳಿಗಿಂತ ವೃತ್ತಿಯವರೇ ಮುಂದಿದ್ದರು. 1887ರಲ್ಲಿ ಹುಟ್ಟಿದ ಜರ್ನಿಮೆನ್ ಬಾರ್ಬರ್ಸ್ ಕಾರ್ಮಿಕ ಸಂಘಕ್ಕೆ ಕೂಲಿ ಏರಬೇಕು, ಕೆಲಸದ ತಾಸು ಇಳಿಯಬೇಕು, ಅರೆಬರೆ ಕಲಿತು ಅಗ್ಗಕ್ಕೆ ದುಡಿಯುವವರು ಹೊರಗುಳಿಯಬೇಕು ಎಂಬ ಆಸೆಯಿತ್ತು. 1893ರಲ್ಲಿ ಎ. ಬಿ. ಮೋಲರ್ ಶಿಕಾಗೊದಲ್ಲಿ ಕ್ಷೌರದ ಶಾಲೆ ತೆರೆದಿದ್ದರು. ವರ್ಷಗಟ್ಟಲೆ ಅಂಗಡಿಯಲ್ಲಿ ಪಳಗಬೇಕಿದ್ದ ಕೆಲಸವನ್ನು ಇಂಥ ಶಾಲೆಗಳು ಬೇಗನೆ ಕಲಿಸತೊಡಗಿದ್ದು ಹಳೆಯ ಕೆಲಸಗಾರರಿಗೆ ನುಂಗಲಾರದ ತುತ್ತಾಗಿತ್ತು. ಆರೋಗ್ಯದ ಕಾಳಜಿ, ಅನ್ನದ ಚಿಂತೆ ಎರಡೂ ಒಂದೇ ಕಾಗದದಲ್ಲಿ ಬೆರೆತವು. ಮುಂದಿನ ನೂರಿಪ್ಪತ್ತೈದು ವರ್ಷಗಳ ಜಗಳವೆಲ್ಲ ಈ ಬೆರಕೆಯಿಂದ ಹುಟ್ಟಿದ್ದು.

ಅದೇ ಮಿನ್ನೆಸೋಟಾದಿಂದ ಒಂದು ಮೊಕದ್ದಮೆ ದೇಶದ ಸುಪ್ರೀಂ ಕೋರ್ಟಿನವರೆಗೆ ಹೋಯಿತು. ಭಾನುವಾರ ಕ್ಷೌರದಂಗಡಿ ತೆರೆಯಬಾರದು ಎಂಬ ರಾಜ್ಯದ ನಿಯಮವನ್ನು 1900ರ ಪೆಟಿಟ್ ಪ್ರಕರಣದಲ್ಲಿ ನ್ಯಾಯಾಲಯ ಎತ್ತಿಹಿಡಿಯಿತು. ಸರ್ಕಾರಕ್ಕೆ ಅಂಗಡಿಯ ವೇಳಾಪಟ್ಟಿಯನ್ನೂ ಗೊತ್ತುಮಾಡುವ ಹಕ್ಕಿದೆ ಎಂದಾಯಿತು.

ಈ ಕಾನೂನುಗಳಿಂದ ಹೆಚ್ಚು ಆತಂಕಪಟ್ಟವರು ಕಪ್ಪು ಜನಾಂಗದ ಕ್ಷೌರಿಕರು. ಹತ್ತೊಂಬತ್ತನೆಯ ಶತಮಾನದಲ್ಲಿ ಅಮೆರಿಕದ ಸಿರಿವಂತ ಬಿಳಿಯರ ಗಡ್ಡ ಹೆರೆಯುತ್ತಿದ್ದವರಲ್ಲಿ ಅವರೇ ಪ್ರಮುಖರು. ಗುಲಾಮಗಿರಿಯ ಕಾಲದಲ್ಲೇ ಅನೇಕರು ಈ ಕತ್ತಿಯಿಂದ ಸ್ವಾತಂತ್ರ್ಯ ಗಳಿಸಿಕೊಂಡಿದ್ದರು. ಕ್ಲೀವ್‌ಲ್ಯಾಂಡಿನ ಹಾಲೆಂಡೆನ್ ಹೋಟೆಲಿನಲ್ಲಿ ದೇಶದಲ್ಲೇ ಹೆಸರಾದ ಕ್ಷೌರದಂಗಡಿ ನಡೆಸುತ್ತಿದ್ದ ಜಾರ್ಜ್ ಮೈಯರ್ಸ್, ಗಣ್ಯ ಗಿರಾಕಿಗಳ ಸ್ನೇಹವನ್ನೂ ತಮ್ಮ ರಾಜಕೀಯ ಪ್ರಭಾವವನ್ನೂ ಬಳಸಿ ಓಹಾಯೊದಲ್ಲಿ ಇಪ್ಪತ್ತನೆಯ ಶತಮಾನದ ಆರಂಭದಲ್ಲಿ ಬಂದ ಪರವಾನಗಿ ಮಸೂದೆಯನ್ನು ತಡೆದರು. ಪರೀಕ್ಷಕರ ಮಂಡಳಿಯಲ್ಲಿ ಬಿಳಿಯರ ಸಂಘದವರೇ ಕೂತರೆ ಕಪ್ಪು ಯುವಕರಿಗೆ ಪಾಸಾಗುವ ದಾರಿ ಎಲ್ಲಿ ಎಂಬ ಅವರ ಅನುಮಾನ ಅಕಾರಣವಾಗಿರಲಿಲ್ಲ.

ಅಟ್ಲಾಂಟಾ ಆ ಅನುಮಾನಕ್ಕೆ ಸಾಕ್ಷಿ. ಗುಲಾಮನಾಗಿ ಹುಟ್ಟಿದ ಅಲೊಂಜೊ ಹರ್ನ್‌ಡನ್ ಅಲ್ಲಿನ ಪೀಚ್‌ಟ್ರೀ ಬೀದಿಯಲ್ಲಿ ವೈಭವದ ಅಂಗಡಿ ಕಟ್ಟಿ, ಆ ದುಡಿಮೆಯ ಬಲದಿಂದ 1905ರಲ್ಲಿ ವಿಮಾ ಸಂಸ್ಥೆಯನ್ನೂ ಕಟ್ಟಿದ್ದರು. 1906ರ ಜನಾಂಗೀಯ ಗಲಭೆಯಲ್ಲಿ ಅವರ ಅಂಗಡಿಯ ಮೇಲೂ ದಾಳಿಯಾಯಿತು. ಅವರ ಬದುಕಿನ ಕೊನೆಗಾಲದಲ್ಲಿ, 1926ರಲ್ಲಿ, ಕಪ್ಪು ಕ್ಷೌರಿಕರು ಬಿಳಿಯ ಹೆಂಗಸರ ಮತ್ತು ಹದಿನಾಲ್ಕು ವರ್ಷದೊಳಗಿನ ಬಿಳಿಯ ಮಕ್ಕಳ ಕೂದಲು ಮುಟ್ಟಬಾರದು ಎಂದು ನಗರಸಭೆ ನಿಯಮ ಮಾಡಿತು. ಜಾರ್ಜಿಯಾದ ಸುಪ್ರೀಂ ಕೋರ್ಟು ಮರುವರ್ಷ ಅದನ್ನು ರದ್ದುಪಡಿಸಿತು. ಕ್ಷೌರದಂಗಡಿಯ ನಿಯಂತ್ರಣ ಎಂಬ ಮಾತಿನಡಿ ಏನೆಲ್ಲ ನುಸುಳಬಹುದು ಎಂಬುದನ್ನು ಅರಿಯಲು ಈ ಒಂದು ನಿಯಮ ಸಾಕು.

1920ರ ದಶಕದಲ್ಲಿ ಹೆಂಗಸರು ಕೂದಲನ್ನು ಗಿಡ್ಡವಾಗಿ ಕತ್ತರಿಸಿಕೊಳ್ಳುವ ಫ್ಯಾಷನ್ ಬಂದಾಗ ಇನ್ನೊಂದು ಗಡಿಜಗಳ ಎದ್ದಿತು. ಅವರು ಗಂಡಸರ ಕ್ಷೌರದಂಗಡಿಗೆ ಬರತೊಡಗಿದರು; ಸೌಂದರ್ಯ ಚಿಕಿತ್ಸೆಯವರು ತಮಗೂ ಪ್ರತ್ಯೇಕ ಕಾನೂನು ಬೇಕೆಂದರು. ಹೀಗೆ ಕ್ಷೌರಿಕರಿಗೆ ಒಂದು ಮಂಡಳಿ, ಕಾಸ್ಮೆಟಾಲಜಿಸ್ಟರೆಂಬ ಇವರಿಗೆ ಇನ್ನೊಂದು ಮಂಡಳಿ. ಗಡ್ಡಕ್ಕೆ ಕತ್ತಿ ಹಾಕುವ ಹಕ್ಕು ಅನೇಕ ಕಡೆ ಕ್ಷೌರಿಕನಿಗೆ ಮಾತ್ರ ಉಳಿಯಿತು. ಕೆಂಪು, ಬಿಳಿ, ನೀಲಿ ಪಟ್ಟೆಗಳ ತಿರುಗುವ ಕಂಬವನ್ನು ಪರವಾನಗಿ ಪಡೆದ ಕ್ಷೌರಿಕರಿರುವ ಅಂಗಡಿಯಷ್ಟೇ ನಿಲ್ಲಿಸಬಹುದು ಎಂಬ ನಿಯಮ ಇಂದಿಗೂ ಹಲವು ರಾಜ್ಯಗಳಲ್ಲಿದೆ. ಆರ್ಥಿಕ ಮುಗ್ಗಟ್ಟಿನ 1930ರ ದಶಕದಲ್ಲಿ ಕೆಲವು ಮಂಡಳಿಗಳು ಕ್ಷೌರದ ಕನಿಷ್ಠ ದರವನ್ನೂ ಗೊತ್ತುಪಡಿಸಿದವು; ಲೂಯಿಸಿಯಾನ, ಓಕ್ಲಹೋಮ ರಾಜ್ಯಗಳ ನ್ಯಾಯಾಲಯಗಳು 1938ರಲ್ಲಿ ಅದನ್ನು ಒಪ್ಪಿದವು. ಅಗ್ಗದ ಕ್ಷೌರ ಅಶುಚಿಯಾಗಿರುತ್ತದೆ ಎಂಬುದು ದರದ ಪರವಾಗಿದ್ದವರ ವಾದ.

ಟೀಕೆ ಶುರುವಾದದ್ದು ಎರಡನೆಯ ಮಹಾಯುದ್ಧದ ನಂತರ. ಕ್ಷೌರಿಕನಾಗಲು ಬ್ಯಾಕ್ಟೀರಿಯಾ ಶಾಸ್ತ್ರ, ಕೂದಲು, ಚರ್ಮ, ಸ್ನಾಯು, ನರಗಳ ರಚನೆ ಎಲ್ಲವನ್ನೂ ಓದಬೇಕೆಂಬ ರಾಜ್ಯಗಳ ಪಟ್ಟಿಯನ್ನು ಕಾನೂನು ವಿದ್ವಾಂಸ ವಾಲ್ಟರ್ ಗೆಲ್‌ಹಾರ್ನ್ 1956ರಲ್ಲಿ ಪ್ರಶ್ನಿಸಿದರು. ಆ ಮಾಹಿತಿಯನ್ನೇ ಎತ್ತಿಕೊಂಡು ಅರ್ಥಶಾಸ್ತ್ರಜ್ಞ ಮಿಲ್ಟನ್ ಫ್ರೀಡ್‌ಮನ್ 1962ರ ತಮ್ಮ ಪುಸ್ತಕದಲ್ಲಿ ವೃತ್ತಿ ಪರವಾನಗಿಗಳ ಮೇಲೆ ದಾಳಿ ಮಾಡಿದರು. ಈ ಚರ್ಚೆ ಬಲಪಂಥೀಯರದ್ದಷ್ಟೇ ಆಗಿ ಉಳಿಯಲಿಲ್ಲ. 2015ರಲ್ಲಿ ಒಬಾಮಾ ಆಡಳಿತದ ಶ್ವೇತಭವನವೇ ವರದಿ ಹೊರತಂದು, 1950ರ ದಶಕದ ಆರಂಭದಲ್ಲಿ ನೂರಕ್ಕೆ ಐದರಷ್ಟಿದ್ದ ಪರವಾನಗಿದಾರ ಕೆಲಸಗಾರರು ಈಗ ಕಾಲುಭಾಗ ದಾಟಿದ್ದಾರೆ, ಇದರಿಂದ ಬಡವರಿಗೂ ವಲಸಿಗರಿಗೂ ಕೆಲಸದ ದಾರಿ ಕಿರಿದಾಗುತ್ತಿದೆ ಎಂದು ಎಚ್ಚರಿಸಿತು. ಆಂಬುಲೆನ್ಸಿನಲ್ಲಿ ಜೀವ ಉಳಿಸುವ ಸಹಾಯಕನ ಮೂಲ ತರಬೇತಿ ಸುಮಾರು 150 ತಾಸು. ಕ್ಷೌರಿಕನದು ಬಹುಪಾಲು ಕಡೆ ಸಾವಿರ ಇಲ್ಲವೇ ಅದಕ್ಕೂ ಮೇಲೆ. ಆ ತಾಸುಗಳಿಗೆ ಶಾಲೆಯ ಶುಲ್ಕವಿದೆ, ಶುಲ್ಕಕ್ಕೆ ಸಾಲವಿದೆ.

ರಾಜ್ಯದ ಪರವಾನಗಿ ಇಲ್ಲದೆಯೂ ವೃತ್ತಿ ನಡೆದದ್ದಕ್ಕೆ ಅಲಬಾಮಾ ಒಂದು ಉದಾಹರಣೆ. ಆ ರಾಜ್ಯದಲ್ಲಿ ಬಹುಕಾಲ ಕ್ಷೌರಿಕರಿಗೆ ರಾಜ್ಯಮಟ್ಟದ ಪರವಾನಗಿ ಇರಲಿಲ್ಲ. ಕೆಲವು ಕೌಂಟಿಗಳು ತಮ್ಮದೇ ನಿಯಮ ಇಟ್ಟುಕೊಂಡಿದ್ದವು. 2013ರಲ್ಲಿ ಕ್ಷೌರಿಕರನ್ನೂ ಕಾಸ್ಮೆಟಾಲಜಿ ಮಂಡಳಿಯಡಿ ತಂದರು. ಬ್ರಿಟನ್ನಿನಲ್ಲಿ 1964ರ ನೋಂದಣಿ ಕಾಯಿದೆ ಇದ್ದರೂ ನೋಂದಣಿ ಇಂದಿಗೂ ಐಚ್ಛಿಕ. ಜರ್ಮನಿಯ ದಾರಿಯೇ ಬೇರೆ. ಸ್ವಂತ ಅಂಗಡಿ ನಡೆಸಲು ಸಾಮಾನ್ಯವಾಗಿ ಗುರುಕುಶಲಕರ್ಮಿಯ ಪದವಿ ಬೇಕು. ಕರ್ನಾಟಕದಲ್ಲಿ ಸಲೂನು ತೆರೆಯುವವರಿಗೆ ಸ್ಥಳೀಯ ಸಂಸ್ಥೆಯ ಉದ್ದಿಮೆ ಪರವಾನಗಿ, ಅಂಗಡಿ ಮತ್ತು ವಾಣಿಜ್ಯ ಸಂಸ್ಥೆಗಳ 1961ರ ಕಾಯಿದೆಯಡಿ ನೋಂದಣಿ ಬೇಕು. ಕತ್ತರಿ ಹಿಡಿಯುವವನ ಕೈಯನ್ನು ಸರ್ಕಾರ ಪರೀಕ್ಷಿಸುವುದಿಲ್ಲ. ಕಸುಬು ಬಹುಪಾಲು ಮನೆಯಲ್ಲಿ, ಅಂಗಡಿಯಲ್ಲಿ ಹಿರಿಯರ ಪಕ್ಕ ನಿಂತು ಬರುತ್ತದೆ.

ಅಮೆರಿಕದ ಪರವಾನಗಿಯಲ್ಲಿ ಅತ್ಯಂತ ಕ್ರೂರವಾಗಿ ಕಾಣುವುದು ಕತ್ತರಿಗೆ ಸಂಬಂಧವೇ ಇಲ್ಲದ ಷರತ್ತುಗಳು. ನ್ಯೂಯಾರ್ಕಿನ ಸೆರೆಮನೆಯೊಂದರಲ್ಲಿ ಸರ್ಕಾರದ ಖರ್ಚಿನಲ್ಲೇ ಕ್ಷೌರ ಕಲಿತ ಒಬ್ಬ ಕೈದಿ, ಹೊರಬಂದ ಮೇಲೆ ಪರವಾನಗಿಗೆ ಅರ್ಜಿ ಹಾಕಿದ. ಅವನು ಮಾಡಿದ್ದ ಅಪರಾಧವೇ ಸಚ್ಚಾರಿತ್ರ್ಯದ ಕೊರತೆಗೆ ಪುರಾವೆ ಎಂದು ಅದೇ ಸರ್ಕಾರ ನಿರಾಕರಿಸಿತು. ಪೆನ್ಸಿಲ್ವೇನಿಯಾದಲ್ಲಿ ಕಾಸ್ಮೆಟಾಲಜಿಸ್ಟರಿಗೆ ಸಚ್ಚಾರಿತ್ರ್ಯ ಬೇಕಿತ್ತು, ಕ್ಷೌರಿಕರಿಗೆ ಬೇಕಿರಲಿಲ್ಲ. ಒಂದೇ ಬಗೆಯ ಕೆಲಸಕ್ಕೆ ಎರಡು ಅಳತೆ ಏಕೆ ಎಂದು 2020ರಲ್ಲಿ ನ್ಯಾಯಾಲಯ ಆ ಷರತ್ತನ್ನು ಹೊಡೆದುಹಾಕಿತು. ಅದೇ ವರ್ಷ ಟೆನೆಸಿಯಲ್ಲಿ, ಕ್ಷೌರಿಕನಾಗಲು ಹೈಸ್ಕೂಲ್ ಮುಗಿಸಿರಲೇಬೇಕು ಎಂಬ ನಿಯಮವೂ ಬಿದ್ದಿತು. ಮನೆಯ ಜವಾಬ್ದಾರಿ ಹೊತ್ತು ಓದು ಬಿಟ್ಟ ಮೆಂಫಿಸಿನ ಯುವಕನೊಬ್ಬ ಅದನ್ನು ಪ್ರಶ್ನಿಸಿದ್ದ. ಕೂದಲು ಕತ್ತರಿಸುವ ಕೈಗೆ ಬೀಜಗಣಿತದ ಅಂಕ ಕೇಳುವುದು ಅನ್ಯಾಯವೇ ಸರಿ.

ಜಾರಿಯ ಹೆಸರಿನಲ್ಲಿ ಆದದ್ದು ಇನ್ನೂ ಕಳವಳಕಾರಿ. 2010ರ ಆಗಸ್ಟ್ 19ರಂದು ಫ್ಲಾರಿಡಾದ ಒರ್ಲಾಂಡೊದಲ್ಲಿ ಒಂದು ಕ್ಷೌರದಂಗಡಿಯ ತಪಾಸಣೆ ನಡೆದು, ಎಲ್ಲ ಸರಿಯಾಗಿದೆ ಎಂದು ಗೊತ್ತಾಗಿತ್ತು. ಎರಡೇ ದಿನಗಳ ನಂತರ, ಗಿರಾಕಿಗಳು ತುಂಬಿದ್ದ ಶನಿವಾರ, ಮುಖಗವಸು, ಗುಂಡುನಿರೋಧಕ ಅಂಗಿ ತೊಟ್ಟ ಪೊಲೀಸರ ತಂಡವೊಂದು ತಪಾಸಣೆಯ ಅಧಿಕಾರಿಯ ಜೊತೆ ಅಲ್ಲಿಗೆ ನುಗ್ಗಿತು. ಗಿರಾಕಿಗಳನ್ನು ಹೊರಗೆ ಕಳಿಸಿದರು. ಕ್ಷೌರಿಕರಿಗೆ ಕೈಕೋಳ ತೊಡಿಸಿದರು. ಅವರ ಪರವಾನಗಿಗಳೆಲ್ಲ ಚಾಲ್ತಿಯಲ್ಲೇ ಇದ್ದವು. ಆ ದಿನಗಳಲ್ಲಿ ಆ ಪ್ರದೇಶದ ಹಲವು ಅಂಗಡಿಗಳ ಮೇಲೆ ಇಂಥ ದಾಳಿಗಳಾಗಿ, ಬಂಧಿತರಲ್ಲಿ ಬಹುಪಾಲು ಜನರ ಮೇಲೆ ಬಿದ್ದದ್ದು ಪರವಾನಗಿಯಿಲ್ಲದ ಕ್ಷೌರದ ಆರೋಪ ಮಾತ್ರ. 2014ರಲ್ಲಿ ಹನ್ನೊಂದನೆಯ ಸರ್ಕೀಟಿನ ಮೇಲ್ಮನವಿ ನ್ಯಾಯಾಲಯ, ಆಡಳಿತಾತ್ಮಕ ತಪಾಸಣೆಯ ಸೋಗಿನಲ್ಲಿ ವಾರಂಟಿಲ್ಲದೆ ಹೀಗೆ ನುಗ್ಗುವುದು ಸಂವಿಧಾನದ ನಾಲ್ಕನೆಯ ತಿದ್ದುಪಡಿಗೆ ವಿರುದ್ಧ ಎಂದು ಖಂಡತುಂಡವಾಗಿ ಹೇಳಿತು.

ಟೆಕ್ಸಸ್‌ನ ಎರಡು ತೀರ್ಪುಗಳು ಭಾರತೀಯ ಓದುಗರಿಗೆ ಹತ್ತಿರದವು, ಅದರಲ್ಲೂ ಎರಡನೆಯದು. ಆಫ್ರಿಕನ್ ಶೈಲಿಯ ಜಡೆ ಹೆಣೆಯುವುದನ್ನು ಕಲಿಸುತ್ತಿದ್ದ ಡಲ್ಲಾಸಿನ ಮಹಿಳೆಯೊಬ್ಬರಿಗೆ, ಶಾಲೆ ನಡೆಸಬೇಕಾದರೆ 2000 ಚದರಡಿ ಜಾಗ, ಹತ್ತು ಕ್ಷೌರದ ಕುರ್ಚಿ, ಐದು ತೊಟ್ಟಿ ಬೇಕೆಂದು ರಾಜ್ಯ ಹೇಳಿತ್ತು. ಹೆಣೆಯಲು ಬೆರಳು ಸಾಕು. ನೀರೂ ಬೇಡ, ಕತ್ತರಿಯೂ ಬೇಡ. 2015ರ ಜನವರಿಯಲ್ಲಿ ನ್ಯಾಯಾಲಯ ಅವರ ಪರ ನಿಂತಿತು, ಅದೇ ವರ್ಷ ಶಾಸನಸಭೆ ಹೆಣೆಯುವವರನ್ನು ಪರವಾನಗಿಯಿಂದಲೇ ಬಿಡಿಸಿತು. ಆ ಜೂನಿನಲ್ಲಿ ಟೆಕ್ಸಸ್ ಸುಪ್ರೀಂ ಕೋರ್ಟು ತೀರ್ಮಾನಿಸಿದ ಪಟೇಲ್ ಪ್ರಕರಣ ಹುಬ್ಬಿನ ಥ್ರೆಡಿಂಗ್ ಮಾಡುವವರದ್ದು. ಬೆಂಗಳೂರಿನ ಯಾವ ಬೀದಿಯ ಬ್ಯೂಟಿ ಪಾರ್ಲರಿನಲ್ಲೂ ಹಲ್ಲಿನಲ್ಲಿ ದಾರ ಕಚ್ಚಿ ಕೆಲವೇ ನಿಮಿಷಗಳಲ್ಲಿ ಮುಗಿಸುವ ಈ ಕೆಲಸಕ್ಕೆ ಟೆಕ್ಸಸ್ 750 ತಾಸಿನ ತರಬೇತಿ ಕೇಳುತ್ತಿತ್ತು. ಅದರಲ್ಲಿ ಕನಿಷ್ಠ 320 ತಾಸುಗಳಿಗೂ ಥ್ರೆಡಿಂಗಿಗೂ ಸಂಬಂಧವೇ ಇಲ್ಲ ಎಂದು ಕಂಡುಕೊಂಡ ನ್ಯಾಯಾಲಯ, ಈ ಹೊರೆ ರಾಜ್ಯದ ಸಂವಿಧಾನಕ್ಕೆ ಹೊಂದುವುದಿಲ್ಲ ಎಂದಿತು. ದಾರವೊಂದೇ ಬಂಡವಾಳವಾಗಿ ವಲಸೆ ಹೋದ ಹೆಂಗಸರಿಗೆ ಇದು ಬದುಕಿನ ತೀರ್ಪು.

ಪರವಾನಗಿ ಕೌಶಲಕ್ಕೆ ಖಾತರಿ ಎಂಬ ಮಾತಿಗೂ ಒಂದು ಹಳೆಯ ಪರೀಕ್ಷೆಯಿದೆ. 1964ರಲ್ಲಿ ಓಹಾಯೊದ ಯೆಲ್ಲೋ ಸ್ಪ್ರಿಂಗ್ಸ್ ಪಟ್ಟಣದ ಬಿಳಿಯ ಕ್ಷೌರಿಕನೊಬ್ಬ ಕಪ್ಪು ಜನರ ಕೂದಲು ಕತ್ತರಿಸಲು ಒಪ್ಪಲಿಲ್ಲ. ಆ ಕೂದಲನ್ನು ಕತ್ತರಿಸಲು ತನಗೆ ಬರುವುದಿಲ್ಲ ಎಂಬುದು ಅವನ ಸಮಜಾಯಿಷಿ. ಅವನ ಅಂಗಡಿಯ ಮುಂದೆ ವಿದ್ಯಾರ್ಥಿಗಳು ಪ್ರತಿಭಟಿಸಿದಾಗ ನೂರಕ್ಕೂ ಹೆಚ್ಚು ಜನ ಬಂಧಿತರಾದರು. ಅದೇ ವರ್ಷ ಬಂದ ಒಕ್ಕೂಟದ ನಾಗರಿಕ ಹಕ್ಕುಗಳ ಕಾಯಿದೆ ಹೋಟೆಲು, ಊಟದ ಮನೆಗಳನ್ನು ಹೆಸರಿಸಿತೇ ಹೊರತು, ಬೀದಿಯ ಕ್ಷೌರದಂಗಡಿಯನ್ನು ಹೆಸರಿಸಲಿಲ್ಲ. ಹೋಟೆಲಿನೊಳಗಿನ ಅಂಗಡಿಗಷ್ಟೇ ಅದು ಅನ್ವಯ. ಎಲ್ಲ ಬಗೆಯ ಕೂದಲಿನ ತರಬೇತಿಯನ್ನೂ ಕಾಸ್ಮೆಟಾಲಜಿ ಶಾಲೆಗಳು ಕೊಡಲೇಬೇಕು ಎಂಬ ಕಾನೂನು ನ್ಯೂಯಾರ್ಕಿನಲ್ಲಿ ಬಂದದ್ದು 2023ರಲ್ಲಿ. ಭಾರತದಲ್ಲಿ ಕ್ರಮ ತಿರುವುಮುರುವು: ಇಲ್ಲಿ ಕ್ಷೌರಿಕನ ಪರೀಕ್ಷೆಯಿಲ್ಲ, ಆದರೆ ಅಸ್ಪೃಶ್ಯತೆಯ ಕಾರಣಕ್ಕೆ ಸೇವೆ ನಿರಾಕರಿಸುವುದನ್ನು 1955ರ ಕಾಯಿದೆಯೇ ಅಪರಾಧವೆಂದಿತು. ಹಾಗಿದ್ದೂ ಕರ್ನಾಟಕದ ಹಳ್ಳಿಗಳಿಂದ ದಲಿತರಿಗೆ ಕ್ಷೌರ ನಿರಾಕರಿಸಿದ ಸುದ್ದಿ ಇಂದಿಗೂ ಬರುತ್ತಲೇ ಇದೆ. ಕ್ಷೌರದಂಗಡಿಯಲ್ಲಿ ಕಾನೂನು ಕಾಯಬೇಕಾದ ಮೊದಲ ಸಂಗತಿ ಇದು, ಆ ದೇಶದಲ್ಲೂ ಈ ದೇಶದಲ್ಲೂ.

ಈಚಿನ ವರ್ಷಗಳಲ್ಲಿ ಅಮೆರಿಕದ ಗಾಳಿ ಸಡಿಲಿಕೆಯ ಕಡೆಗೆ ಬೀಸುತ್ತಿದೆ. ಮಂಡಳಿಯಲ್ಲಿ ಅದೇ ವೃತ್ತಿಯ ಸ್ಪರ್ಧಿಗಳು ಬಹುಮತದಲ್ಲಿದ್ದರೆ, ಸರ್ಕಾರ ಅವರ ಮೇಲೆ ಕಣ್ಣಿಡದ ಹೊರತು ಏಕಸ್ವಾಮ್ಯ ವಿರೋಧಿ ಕಾನೂನಿನಿಂದ ರಕ್ಷಣೆಯಿಲ್ಲ ಎಂದು ದೇಶದ ಸುಪ್ರೀಂ ಕೋರ್ಟು 2015ರಲ್ಲಿ ಉತ್ತರ ಕ್ಯಾರೊಲಿನಾದ ದಂತವೈದ್ಯರ ಮಂಡಳಿಯ ಪ್ರಕರಣದಲ್ಲಿ ಹೇಳಿತು. ಆ ಮಾತು ಕ್ಷೌರಿಕರ ಮಂಡಳಿಗಳಿಗೂ ತಟ್ಟಿತು. 2017ರಲ್ಲಿ ಅರಿಜೋನಾದ ಟೂಸಾನ್‌ನಲ್ಲಿ ಬೀದಿಬದಿಯ ನಿರಾಶ್ರಿತರಿಗೆ ಪುಕ್ಕಟೆ ಕೂದಲು ಕತ್ತರಿಸಿದ ವಿದ್ಯಾರ್ಥಿಯ ಮೇಲೆ ತನಿಖೆ ಶುರುವಾದಾಗ ರಾಜ್ಯಪಾಲರೇ ಅವನ ಪರ ಬಹಿರಂಗವಾಗಿ ಮಾತಾಡಿದರು. ಕ್ಯಾಲಿಫೋರ್ನಿಯಾ 2022ರಿಂದ 1500 ತಾಸನ್ನು 1000ಕ್ಕೆ ಇಳಿಸಿ ಪ್ರಾಯೋಗಿಕ ಪರೀಕ್ಷೆಯನ್ನೇ ಕೈಬಿಟ್ಟಿತು. ಶುಚಿತ್ವದ ನಿಯಮಗಳನ್ನು ಮಾತ್ರ ಮುಟ್ಟಲಿಲ್ಲ, ಮುಟ್ಟಬೇಕಾಗಿಯೂ ಇರಲಿಲ್ಲ.

ರಾಜ್ಯ ಬದಲಿಸುವವರ ಕಷ್ಟ ಅರ್ಧ ಮಾತ್ರ ಬಗೆಹರಿದಿದೆ. ಒಂದು ರಾಜ್ಯದಲ್ಲಿ ಇಪ್ಪತ್ತು ವರ್ಷ ದುಡಿದವನು ಇನ್ನೊಂದಕ್ಕೆ ಹೋದರೆ ತಾಸುಗಳ ಕೊರತೆಯೆಂದು ಮತ್ತೆ ಶಾಲೆಯ ಬೆಂಚಿಗೆ ಹೋಗಬೇಕಾದ ಸ್ಥಿತಿಯಿತ್ತು. ಬೇರೆ ರಾಜ್ಯದ ಪರವಾನಗಿಯನ್ನು ಎಲ್ಲ ವೃತ್ತಿಗಳಲ್ಲೂ ಮಾನ್ಯ ಮಾಡುವ ಕಾನೂನನ್ನು 2019ರಲ್ಲಿ ಮೊದಲು ತಂದದ್ದು ಅರಿಜೋನಾ. ಬಳಿಕ ಇನ್ನೂ ಹಲವು ರಾಜ್ಯಗಳು ಅದೇ ದಾರಿ ಹಿಡಿದಿವೆ. ಕಾಸ್ಮೆಟಾಲಜಿಸ್ಟರಿಗಾಗಿ ಕೆಲವು ರಾಜ್ಯಗಳು ಅಂತರರಾಜ್ಯ ಒಪ್ಪಂದವನ್ನೂ ಮಾಡಿಕೊಂಡಿವೆ. ಕ್ಷೌರಿಕರ ಪರವಾನಗಿಯನ್ನು ಆ ಒಪ್ಪಂದದೊಳಗೆ ಸೇರಿಸಿಲ್ಲ.